ವ್ಯಾಂಪೈರ್‌ಗಳಿಗೆ ಥೆರಪಿ ಕೊಡುವವಳ ಪ್ರೇಮಕಥೆ ಬರೆಯುವುದು ಹೇಗೆ: ಒಂದು ಸಮಗ್ರ ಮಾರ್ಗದರ್ಶಿ

ರಕ್ತ ಕುಡಿಯುವವನನ್ನು ನಾಯಕಿ ಪ್ರೀತಿಸಿದರೆ ಓದುಗರು ಎಂದೋ ಒಪ್ಪಿಕೊಂಡಾಗಿದೆ. ತನ್ನ ಬಳಿ ಚಿಕಿತ್ಸೆಗೆಂದು ಬಂದವನನ್ನೇ ಅವಳು ಪ್ರೀತಿಸಿದರೆ ಮಾತ್ರ ಅಷ್ಟು ಸುಲಭಕ್ಕೆ ಕ್ಷಮಿಸುವುದಿಲ್ಲ. ಈ ಬಗೆಯ ಕಾದಂಬರಿಗೆ ಕೈ ಹಾಕುವವರು ಮೊದಲು ಎದುರಿಸಬೇಕಾದ ಕಷ್ಟ ಇದೇ. ಕೋರೆಹಲ್ಲು, ಕತ್ತಲು, ಅಮರತ್ವ ಎಲ್ಲವೂ ಬಣ್ಣ ತುಂಬುತ್ತವೆ, ನಿಜ. ಆದರೆ ಥೆರಪಿ ಕೋಣೆಗೆ ಅದರದೇ ಕಟ್ಟುಪಾಡುಗಳಿವೆ. ಅವನ್ನು ಬದಿಗೊತ್ತಿ ಬರೆದ ಕಥೆ ಹತ್ತನೇ ಪುಟಕ್ಕೇ ಸಡಿಲವಾಗುತ್ತದೆ. ಅವನ್ನೇ ಕಥೆಯ ಬೆನ್ನೆಲುಬು ಮಾಡಿಕೊಂಡರೆ, ಪ್ರೇಮಕಥೆಗೆ ಬೇಕಾದ ಅಡೆತಡೆಗಳನ್ನು ಹುಡುಕಿಕೊಂಡು ಬೇರೆಲ್ಲೂ ಹೋಗಬೇಕಿಲ್ಲ.

ವೈದ್ಯರಿಗೂ ವ್ಯಾಂಪೈರ್‌ಗಳಿಗೂ ನಂಟು ಹಳೆಯದು ಎಂಬುದೂ ನಿಮಗೆ ಅನುಕೂಲವೇ. 1732ರಲ್ಲಿ ಸರ್ಬಿಯಾದ ಒಂದು ಹಳ್ಳಿಯ ಗೋರಿಗಳನ್ನು ಅಗೆಸಿ, ಕಂಡದ್ದನ್ನು ವರದಿಯಾಗಿ ಬರೆದವನು ಆಸ್ಟ್ರಿಯಾ ಸೈನ್ಯದ ವೈದ್ಯ ಯೋಹಾನ್ ಫ್ಲೂಕಿಂಗರ್. 1755ರಲ್ಲಿ ಇಂಥದೇ ಗುಲ್ಲು ಎದ್ದಾಗ ಆಸ್ಟ್ರಿಯಾದ ರಾಣಿ ಮರಿಯಾ ತೆರೇಸಾ ನಂಬಿದ್ದು ತನ್ನ ವೈದ್ಯ ಗೆರಾರ್ಡ್ ವಾನ್ ಸ್ವೀಟನ್‌ನನ್ನು. ಇದೆಲ್ಲ ಸಹಜ ಕಾರಣಗಳಿಂದ ಆಗುವುದು ಎಂದು ಅವನು ವಾದಿಸಿದ. ಹೆಣಗಳನ್ನು ಹೊರತೆಗೆದು ಸುಡುವುದಕ್ಕೆ ರಾಣಿ ನಿಷೇಧ ಹಾಕಿದಳು. ಇಂಗ್ಲಿಷಿನ ಮೊದಲ ವ್ಯಾಂಪೈರ್ ಗದ್ಯಕಥೆಯನ್ನು 1819ರಲ್ಲಿ ಕೊಟ್ಟ ಜಾನ್ ಪಾಲಿಡೋರಿ ಕೂಡ ವೈದ್ಯನೇ, ಕವಿ ಬೈರನ್‌ನ ಖಾಸಗಿ ವೈದ್ಯ. ಮಾತಿನ ಚಿಕಿತ್ಸೆಗೆ ನಾಂದಿ ಹಾಡಿದ, ವಿಯೆನ್ನಾದ ವೈದ್ಯರಾದ ಬ್ರಾಯರ್ ಮತ್ತು ಫ್ರಾಯ್ಡ್ ಸೇರಿ ಬರೆದ ಹಿಸ್ಟೀರಿಯಾ ಅಧ್ಯಯನ ಹೊರಬಂದದ್ದು 1895ರಲ್ಲಿ; ಎರಡೇ ವರ್ಷಕ್ಕೆ, 1897ರಲ್ಲಿ, ‘ಡ್ರಾಕುಲಾ’ ಕಾದಂಬರಿ ಬಂತು. ಅದರ ನಿರೂಪಕರಲ್ಲಿ ಒಬ್ಬ ಮಾನಸಿಕ ರೋಗಿಗಳ ಆಸ್ಪತ್ರೆ ನಡೆಸುವ ಡಾಕ್ಟರ್. ಅಂದರೆ ಮಾತಿನಿಂದ ಗುಣಪಡಿಸುವ ವಿದ್ಯೆಯೂ ಇವತ್ತು ನಮಗೆ ಗೊತ್ತಿರುವ ವ್ಯಾಂಪೈರನೂ ಹೆಚ್ಚುಕಡಿಮೆ ಒಂದೇ ಕಾಲದ ಕೂಸುಗಳು. ಇಬ್ಬರನ್ನೂ ಎದುರುಬದುರು ಕೂರಿಸುವುದು ದೂರದ ಕಲ್ಪನೆಯೇನೂ ಅಲ್ಲ.

ಹಂತ 1: ಪ್ರೇಮಿ ಯಾರು?

ಇದನ್ನು ತೀರ್ಮಾನಿಸದೆ ಒಂದು ಸಾಲೂ ಬರೆಯಬೇಡಿ. ನಿಯಮಗಳು ನೀವು ಅಂದುಕೊಂಡದ್ದಕ್ಕಿಂತ ಬಿಗಿಯಾಗಿವೆ. ಅಮೆರಿಕನ್ ಸೈಕಲಾಜಿಕಲ್ ಅಸೋಸಿಯೇಷನ್‌ನ ನೀತಿಸಂಹಿತೆಯಲ್ಲಿ, ಚಿಕಿತ್ಸೆ ಪಡೆಯುತ್ತಿರುವವರೊಡನೆ ಲೈಂಗಿಕ ಸಂಬಂಧ ಸಂಪೂರ್ಣ ನಿಷಿದ್ಧ. ಚಿಕಿತ್ಸೆ ಮುಗಿದ ಮೇಲೂ ಕನಿಷ್ಠ 2 ವರ್ಷ ನಿಷಿದ್ಧ. ಆಮೇಲೆ ಕೂಡ ತೀರಾ ಅಪರೂಪಕ್ಕಷ್ಟೇ ಅವಕಾಶ, ಅದರಲ್ಲಿ ಶೋಷಣೆ ಇಲ್ಲವೆಂದು ತೋರಿಸುವ ಹೊಣೆಯೂ ಚಿಕಿತ್ಸಕರದೇ. ಅಮೆರಿಕನ್ ಕೌನ್ಸೆಲಿಂಗ್ ಅಸೋಸಿಯೇಷನ್ ಈ ಅವಧಿಯನ್ನು 5 ವರ್ಷಕ್ಕೆ ಏರಿಸಿದೆ. ಮನೋವೈದ್ಯರಿಗೆ, ಅಂದರೆ ಸೈಕಿಯಾಟ್ರಿಸ್ಟ್‌ಗಳಿಗೆ, ಅವರ ಸಂಘ ಹಳೆಯ ರೋಗಿಗಳ ವಿಷಯದಲ್ಲೂ ಬಾಗಿಲು ಮುಚ್ಚಿಯೇ ಬಿಟ್ಟಿದೆ. ಹೀಗಾಗಿ ನಿಮ್ಮ ನಾಯಕಿ ಸೈಕಾಲಜಿಸ್ಟೋ, ಕೌನ್ಸೆಲರೋ, ಸೈಕಿಯಾಟ್ರಿಸ್ಟೋ ಎಂಬುದರ ಮೇಲೆ ಕಥೆಯ ದಾರಿಯೇ ಬದಲಾಗುತ್ತದೆ.

ಈ ಕಾಯುವ ಅವಧಿಯಲ್ಲೇ ಒಂದು ಕಾದಂಬರಿ ಅಡಗಿದೆ. ಮುನ್ನೂರು ವರ್ಷ ಬದುಕಿದವನಿಗೆ 5 ವರ್ಷವೆಂದರೆ ಒಂದು ಮಧ್ಯಾಹ್ನದ ನಿದ್ದೆ. ಮೂವತ್ತೆಂಟು ದಾಟಿದವಳಿಗೆ ಅದೇ 5 ವರ್ಷ ದೇಹದ ಮೇಲೆ ಕಾಣುತ್ತದೆ. ಅವನು ತಾಳ್ಮೆಯಿಂದ ಕಾಯುತ್ತೇನೆ ಎಂದಾಗ ಅವಳಿಗೆ ಸಿಟ್ಟು ಬರಬೇಕು, ಆ ಸಿಟ್ಟು ಏಕೆ ಬಂತೆಂದು ಅವನಿಗೆ ಅರ್ಥವಾಗಬಾರದು.

ಕ್ಲೈಂಟ್ ಬೇಡ, ಕ್ಲೈಂಟ್‌ನ ಅಣ್ಣನನ್ನು ಪ್ರೇಮಿ ಮಾಡುತ್ತೇನೆ ಎಂದು ನುಣುಚಿಕೊಳ್ಳಲೂ ಆಗದು. ಸದ್ಯದ ಕ್ಲೈಂಟ್‌ಗಳ ಹತ್ತಿರದ ಬಂಧುಗಳೊಡನೆ ಸಂಬಂಧಕ್ಕೂ ಅದೇ ಸಂಹಿತೆ ಅಡ್ಡ ನಿಲ್ಲುತ್ತದೆ. ಇಲ್ಲೊಂದು ಮೋಜಿನ ಪ್ರಶ್ನೆ: ಕಚ್ಚಿ ವ್ಯಾಂಪೈರ್ ಮಾಡಿದವನು ಬಂಧುವೋ ಅಲ್ಲವೋ? ನಿಮ್ಮ ಲೋಕದಲ್ಲಿ ಇದಕ್ಕೆ ಉತ್ತರ ಇರಲೇಬೇಕು.

ನನಗೆ ಹೆಚ್ಚು ಹಿಡಿಸುವ ದಾರಿ ದುಭಾಷಿಯದು. ನಾನೂರು ವರ್ಷದ ಕ್ಲೈಂಟ್‌ಗೆ ದುಃಖ ಹೇಳಿಕೊಳ್ಳಲು ಬರುವುದು ಇವತ್ತು ಯಾರೂ ಆಡದ ತಾಯಿನುಡಿಯಲ್ಲಿ. ಆ ನುಡಿ ಬಲ್ಲ ಇನ್ನೊಬ್ಬ ವ್ಯಾಂಪೈರ್ ಕೋಣೆಯಲ್ಲಿ ಬೇಕು. ಅವನು ಕ್ಲೈಂಟ್ ಅಲ್ಲ, ಬಂಧುವಲ್ಲ. ಸಹೋದ್ಯೋಗಿ, ಗೌಪ್ಯತೆಗೆ ಅವಳಷ್ಟೇ ಬದ್ಧ. ಹಾಗೆಂದು ಎಲ್ಲ ಸಲೀಸಾಯಿತು ಎಂದಲ್ಲ. ಇವರಿಬ್ಬರ ಒಲವು ಕ್ಲೈಂಟ್‌ನ ಚಿಕಿತ್ಸೆಗೆ ತೊಡಕಾದರೆ ಅದೂ ವೃತ್ತಿದ್ರೋಹವೇ. ಆದರೂ ಇಲ್ಲಿ ಓದುಗರು ಇಬ್ಬರನ್ನೂ ಧೈರ್ಯವಾಗಿ ಮೆಚ್ಚಿಕೊಳ್ಳಬಹುದು. ಮುಂದಿನ ಉದಾಹರಣೆಗಳಿಗೆಲ್ಲ ಈ ದುಭಾಷಿಯನ್ನೇ ಇಟ್ಟುಕೊಳ್ಳುತ್ತೇನೆ.

ಕ್ಲೈಂಟೇ ಪ್ರೇಮಿ ಆಗಬೇಕೆಂಬ ಹಟ ನಿಮಗಿದ್ದರೆ, ಫ್ರಾಯ್ಡ್ 1915ರಲ್ಲಿ ಇದೇ ವಿಷಯದ ಮೇಲೆ ಬರೆದ ಪ್ರಬಂಧವನ್ನು ಓದಿ. ರೋಗಿಗೆ ವೈದ್ಯರ ಮೇಲೆ ಹುಟ್ಟುವ ಪ್ರೀತಿ ಚಿಕಿತ್ಸೆಯ ಸನ್ನಿವೇಶದಿಂದಲೇ ಹುಟ್ಟಿದ್ದು. ಅದಕ್ಕೆ ಒಲಿಯಲೂಬಾರದು, ಅದನ್ನು ತುಳಿಯಲೂಬಾರದು, ಚಿಕಿತ್ಸೆಯ ಸಾಮಗ್ರಿಯಾಗಿ ಬಳಸಬೇಕು ಎಂಬುದು ಅವನ ನಿಲುವು. ನಿಮ್ಮ ನಾಯಕಿಗೆ ಇದು ಗೊತ್ತಿರುತ್ತದೆ. ಗೊತ್ತಿದ್ದೂ ದಾಟಿದರೆ ಲೈಸೆನ್ಸ್ ಹೋಗಬೇಕು, ಹೋದದ್ದು ಕೊನೆಯ ಅಧ್ಯಾಯದಲ್ಲಿ ಪವಾಡದಂತೆ ವಾಪಸ್ ಬರಬಾರದು.

ಹಂತ 2: ವ್ಯಾಂಪೈರ್ ಲೋಕಕ್ಕೆ ಮೂರು ನಿಯಮ ಸಾಕು

ಎಲ್ಲ ನಿಯಮಗಳೂ ಅನಾದಿಯಿಂದ ಇದ್ದವೆಂದು ಹೆದರಬೇಡಿ. 1897ರ ಡ್ರಾಕುಲಾ ಹಗಲಲ್ಲೂ ಓಡಾಡುತ್ತಾನೆ, ಶಕ್ತಿ ಕುಂದಿರುತ್ತದೆ ಅಷ್ಟೆ. ಬಿಸಿಲು ತಾಗಿದರೆ ಸಾವು ಎಂಬ ಕಲ್ಪನೆ ಬೇರೂರಿದ್ದು 1922ರ ಜರ್ಮನ್ ಮೂಕಚಿತ್ರ ‘ನೊಸ್ಫೆರಾಟು’ವಿನಿಂದ. ಹಾಗಾಗಿ ಬೇಕಾದ್ದನ್ನು ಇಟ್ಟುಕೊಳ್ಳಿ, ಉಳಿದದ್ದನ್ನು ಬಿಡಿ. ಆದರೆ ಇಟ್ಟುಕೊಂಡ ಪ್ರತಿ ನಿಯಮವೂ ಥೆರಪಿ ಕೋಣೆಯೊಳಗೆ ಕೆಲಸ ಮಾಡಬೇಕು. ಬೆಳ್ಳುಳ್ಳಿಯಿಂದ ಆ ಕೋಣೆಯಲ್ಲಿ ಏನೂ ಆಗುವುದಿಲ್ಲ, ಅದನ್ನು ಕೈಬಿಡಿ.

ಕರೆಯದೆ ಹೊಸ್ತಿಲು ದಾಟಲಾಗದು ಎಂಬ ನಿಯಮ ಮಾತ್ರ ಚಿನ್ನ. ಕ್ಲಿನಿಕ್ ಮನೆಯೋ ಸಾರ್ವಜನಿಕ ಸ್ಥಳವೋ? ಪ್ರತಿ ವಾರವೂ ಹೊಸದಾಗಿ ಕರೆಯಬೇಕೋ, ಒಮ್ಮೆ ಕರೆದರೆ ಸಾಕೋ? ಕೊಟ್ಟ ಕರೆಯನ್ನು ಹಿಂಪಡೆಯಬಹುದೋ? ಚಿಕಿತ್ಸೆಯಲ್ಲಿ ಒಪ್ಪಿಗೆಯ ವಿಚಾರವೂ ಇವೇ ಪ್ರಶ್ನೆಗಳ ಸುತ್ತ ತಿರುಗುತ್ತದೆ. ಅವಳು ‘ಬನ್ನಿ’ ಎಂದು ಬಾಯಿಬಿಟ್ಟು ಹೇಳದ ದಿನ ದುಭಾಷಿ ಹೊಸ್ತಿಲಾಚೆಯೇ ನಿಂತಿರುತ್ತಾನೆ. ಅವಳು ಮರೆತದ್ದೋ, ಬೇಕೆಂದೇ ಮಾಡಿದ್ದೋ?

ಎರಡನೆಯದಾಗಿ ನಾನು ಆರಿಸುವುದು ಕಿವಿ. ವ್ಯಾಂಪೈರ್‌ಗೆ ಎದುರಿನವರ ಎದೆಬಡಿತ ಕೇಳುತ್ತದೆ. ಮುಖದಲ್ಲಿ ಏನನ್ನೂ ತೋರಗೊಡದೆ ಕೂರಲು ವರ್ಷಗಟ್ಟಲೆ ಪಳಗಿದವಳು ಇವರ ಮುಂದೆ ತೆರೆದ ಪುಸ್ತಕ. ಅವನ ಎದೆಯಲ್ಲಿ ಬಡಿತವೇ ಇಲ್ಲ, ಅವಳಿಗೆ ಯಾವ ಸುಳಿವೂ ಇಲ್ಲ. ಈ ಏರುಪೇರನ್ನು ಸರಿದೂಗಿಸುವುದಕ್ಕೆ ಅವನು ಬಾಯಿಬಿಟ್ಟು ಮಾತಾಡಲೇಬೇಕಾಗುತ್ತದೆ. ಪ್ರೇಮಕಥೆಯಲ್ಲಿ ಗಂಡಸು ಬಾಯಿ ಬಿಡುವಂತೆ ಮಾಡುವ ಯಾವ ನಿಯಮವೂ ಒಳ್ಳೆಯದೇ. ಮೂರನೆಯದು ಬಿಸಿಲೋ, ಕನ್ನಡಿಯೋ, ನಿಮ್ಮಿಷ್ಟ.

ಹಂತ 3: ಕ್ಲೈಂಟ್‌ಗಳ ನೋವು ನಿಜವಾಗಿರಲಿ

‘ಡಾಕ್ಟರೇ, ನನಗೆ ರಾತ್ರಿ ನಿದ್ದೆ ಬರುತ್ತಿಲ್ಲ’ ಎನ್ನುವ ವ್ಯಾಂಪೈರ್ ಒಂದು ಸಲ ನಗಿಸುತ್ತಾನೆ. ಇನ್ನೂರು ಪುಟ ನಗಿಸಲಾರ. ಓದುಗರಲ್ಲಿ ಸ್ವತಃ ಥೆರಪಿಗೆ ಹೋಗುವವರಿರುತ್ತಾರೆ ಎಂಬುದನ್ನು ನೆನಪಿಡಿ.

ರಕ್ತದಾಹವನ್ನು ಕುಡಿತದ ಚಟಕ್ಕೆ ಹೋಲಿಸುವುದು ಎಲ್ಲರೂ ಮಾಡುವ ಕೆಲಸ, ಅದು ಸರಿಹೊಂದುವುದೂ ಇಲ್ಲ. ಮದ್ಯ ಬಿಟ್ಟು ಬದುಕಬಹುದು. ವ್ಯಾಂಪೈರ್‌ಗೆ ರಕ್ತ ಊಟ, ಬಿಟ್ಟರೆ ಸಾಯುತ್ತಾನೆ. ಹಾಗಾಗಿ ಇದು ಆಹಾರಸೇವನೆಯ ಕಾಯಿಲೆಗಳಿಗೆ ಹತ್ತಿರ: ಬೇಡವೆನ್ನಲಾಗದ್ದರ ಜೊತೆ ದಿನವೂ ಹೊಸ ಒಪ್ಪಂದ. ಪೂರ್ತಿ ಬಿಡಿಸುವ ಬದಲು ಹಾನಿ ತಗ್ಗಿಸುವ ದಾರಿಯನ್ನು ನಾಯಕಿ ಹಿಡಿಯಲಿ.

ದುಃಖ ಇನ್ನೂ ಶ್ರೀಮಂತ ವಸ್ತು. ಮಾನಸಿಕ ಕಾಯಿಲೆಗಳನ್ನು ಗುರುತಿಸಲು ಅಮೆರಿಕದ ಮನೋವೈದ್ಯರ ಸಂಘ ಹೊರತರುವ ಕೈಪಿಡಿ ಡಿಎಸ್‌ಎಂ; ಅದರ 2022ರ ಪರಿಷ್ಕರಣೆಯಲ್ಲಿ ದೀರ್ಘಕಾಲದ ಶೋಕ ಒಂದು ಕಾಯಿಲೆಯಾಗಿ ಸೇರಿತು. ವಯಸ್ಕರಲ್ಲಿ ಸಾವಿನ ನಂತರ ಕನಿಷ್ಠ 12 ತಿಂಗಳು ಕಳೆದಿರಬೇಕು ಎಂಬುದು ಅದರ ಷರತ್ತುಗಳಲ್ಲೊಂದು. ನೂರ ಎಂಬತ್ತು ವರ್ಷದಿಂದ ಒಬ್ಬಳನ್ನೇ ನೆನೆದು ಅಳುವವನಿಗೆ ಈ ಅಳತೆಗೋಲು ಹಿಡಿದಾಗ ನಾಯಕಿಗೇ ಮುಜುಗರವಾಗಬೇಕು. ಇನ್ನು ಕಚ್ಚಿಸಿಕೊಂಡು ಬದಲಾದ ಆ ರಾತ್ರಿ. ಅದು ಆಘಾತವೇ. ಆಘಾತದ ಚಿಕಿತ್ಸೆಯನ್ನು ಅಮೆರಿಕದ ಮನೋವೈದ್ಯೆ ಜೂಡಿತ್ ಹರ್ಮನ್ 1992ರಲ್ಲಿ ಮೂರು ಘಟ್ಟವಾಗಿ ವಿವರಿಸಿದರು: ಮೊದಲು ಸುರಕ್ಷತೆ, ಆಮೇಲೆ ನೆನಪು ಮತ್ತು ಶೋಕ, ಕೊನೆಗೆ ಬದುಕಿನೊಡನೆ ಮರುನಂಟು. ಹೊಸ ಲೇಖಕರು ಮೊದಲ ಸೆಷನ್‌ನಲ್ಲೇ ಆ ರಾತ್ರಿಯ ಕಥೆ ಹೇಳಿಸಿಬಿಡುತ್ತಾರೆ. ಅದು ಕೆಟ್ಟ ಥೆರಪಿ, ಕೆಟ್ಟ ಕಥನ ಕೂಡ. ಸುರಕ್ಷತೆಗೇ ನಾಲ್ಕೈದು ಅಧ್ಯಾಯ ಕೊಡಿ, ಕಥೆ ಹೊರಬರಲು ಓದುಗರೂ ಕಾಯಲಿ.

ಚಿಕಿತ್ಸೆಯ ವಿಧಾನಗಳು ಇವರ ಮೇಲೆ ಹೇಗೆ ಕೈಕೊಡುತ್ತವೆ ಎಂಬ ಪಟ್ಟಿ ಮಾಡಿಟ್ಟುಕೊಳ್ಳಿ, ದೃಶ್ಯಗಳು ತಾವಾಗಿ ಹುಟ್ಟುತ್ತವೆ. ಉಸಿರಾಟದ ವ್ಯಾಯಾಮ: ಇವರಿಗೆ ಉಸಿರೇ ಇಲ್ಲ. ಬಿಸಿಲಿನ ಭಯಕ್ಕೆ ಸ್ವಲ್ಪ ಸ್ವಲ್ಪವಾಗಿ ಒಡ್ಡಿ ಭಯ ತೆಗೆಯುವ ಎಕ್ಸ್‌ಪೋಷರ್ ವಿಧಾನ: ಆ ಭಯ ಸುಳ್ಳಲ್ಲವಲ್ಲ! ಗಾಬರಿಯಾದಾಗ ಕಣ್ಣಿಗೆ ಕಾಣುವ 5, ಮುಟ್ಟಬಹುದಾದ 4, ಕೇಳುವ 3, ವಾಸನೆ ಬರುವ 2, ರುಚಿಗೆ ಸಿಗುವ 1 ವಸ್ತುವನ್ನು ಹೆಸರಿಸುವ ಅಭ್ಯಾಸ ಇದೆಯಲ್ಲ, ಅದನ್ನು ಮಾಡಿಸಿ ನೋಡಿ. ಕೇಳುವ ಮೂರರಲ್ಲಿ ಒಂದು ಥೆರಪಿಸ್ಟ್‌ಳ ಎದೆಬಡಿತ. ವಾಸನೆಯ ಎರಡರಲ್ಲಿ ಒಂದು ಏನೆಂದು ನಾನು ಹೇಳಬೇಕಿಲ್ಲ. ಅದನ್ನೆಲ್ಲ ಭಾಷಾಂತರಿಸಬೇಕಾದವನು ಪಕ್ಕದಲ್ಲೇ ಕೂತಿದ್ದಾನೆ.

ಹಂತ 4: ಕೋಣೆಯೊಳಗಿನ ದೃಶ್ಯ

ಸೆಷನ್ ಎಂದರೆ ಸಾಮಾನ್ಯವಾಗಿ 50 ನಿಮಿಷ. ಈ ಮಿತಿಯೇ ನಿಮ್ಮ ದೊಡ್ಡ ಆಸ್ತಿ. ಮುಖ್ಯವಾದ ಮಾತು ಬಾಯಿಗೆ ಬರುವುದು ನಲವತ್ತೆಂಟನೇ ನಿಮಿಷಕ್ಕೆ, ಕೈ ಬಾಗಿಲ ಚಿಲಕದ ಮೇಲಿರುವಾಗ; ಥೆರಪಿಸ್ಟ್‌ಗಳಿಗೆ ಇದು ಚೆನ್ನಾಗಿ ಗೊತ್ತು. ಅಧ್ಯಾಯವನ್ನು ಅಲ್ಲಿಗೇ ಕಡಿಯಿರಿ.

ದುಭಾಷಿ ಇರುವ ಕೋಣೆಗೆ ಇನ್ನೆರಡು ಪದ್ಧತಿಗಳಿವೆ. ದುಭಾಷಿ ‘ಅವರು ಹೀಗೆಂದರು’ ಎನ್ನುವುದಿಲ್ಲ, ಕ್ಲೈಂಟ್‌ನ ಮಾತನ್ನು ‘ನಾನು’ ಎಂದೇ ಹೇಳುತ್ತಾನೆ. ಥೆರಪಿಸ್ಟ್ ದುಭಾಷಿಯತ್ತ ತಿರುಗುವುದಿಲ್ಲ, ಕ್ಲೈಂಟ್‌ನ ಮುಖ ನೋಡಿಯೇ ಮಾತಾಡುತ್ತಾಳೆ. ಪ್ರೇಮಕಥೆ ಬರೆಯುವವರಿಗೆ ಇದಕ್ಕಿಂತ ಹೆಚ್ಚಿನ ಭಾಗ್ಯ ಯಾವುದು? ಇಡೀ ಕಾದಂಬರಿಯುದ್ದಕ್ಕೂ ಅವನು ‘ನಾನು ಪ್ರೀತಿಸಿದೆ’, ‘ನಾನು ಕಾದೆ’ ಎನ್ನುತ್ತಿರುತ್ತಾನೆ, ಬೇರೆಯವರ ಪರವಾಗಿ. ಅವಳು ಅವನತ್ತ ನೋಡುವಂತಿಲ್ಲ. ಒಂದು ತುಣುಕು:

ಕ್ಲೈಂಟ್ ಏನೋ ಹೇಳಿ ನಿಲ್ಲಿಸಿದಳು. ಒಂದು ಕ್ಷಣದ ನಂತರ ಎಡಗಡೆಯಿಂದ ಅವನ ದನಿ ಬಂತು.

‘ನನ್ನ ಗಂಡನ ಮುಖ ನೆನಪಿಗೆ ಬರುತ್ತಿಲ್ಲ. ಕೈ ಮಾತ್ರ ನೆನಪಿದೆ.’

‘ಆ ಕೈ ಹೇಗಿತ್ತು, ಹೇಳಿ,’ ಎಂದಳು, ಕ್ಲೈಂಟ್‌ನ ಕಣ್ಣಲ್ಲೇ ಕಣ್ಣಿಟ್ಟು.

ಕ್ಲೈಂಟ್ ಹೇಳಿದಳು. ಸುದೀರ್ಘವಾಗಿ ಹೇಳಿದಳು. ಈ ಸಲ ಎಡಗಡೆಯಿಂದ ಏನೂ ಬರಲಿಲ್ಲ.

‘ಏನಂದರು?’

‘ಕ್ಷಮಿಸಿ,’ ಎಂದ. ‘ಅವರು ಬಳಸಿದ ಆ ಪದ ಕೇಳಿ ಇನ್ನೂರು ವರ್ಷವಾಗಿತ್ತು.’

ಇಲ್ಲಿ ಯಾರೂ ಯಾರನ್ನೂ ಮುಟ್ಟಿಲ್ಲ. ಅವನು ಕೆಲಸದಲ್ಲಿ ಒಂದೇ ಒಂದು ಕ್ಷಣ ತಪ್ಪಿದ, ಅಷ್ಟೆ. ಆ ತಪ್ಪಿನಿಂದ ಅವನಿಗೂ ಒಂದು ಹಿಂದಣ ಬದುಕಿತ್ತೆಂದು ಗೊತ್ತಾಯಿತು. ಗಮನಿಸಿ, ನಾಯಕಿ ಇಲ್ಲಿ ಆಡಿದ್ದು ಎರಡೇ ಮಾತು. ಥೆರಪಿ ದೃಶ್ಯಗಳು ಕೆಡುವುದು ಥೆರಪಿಸ್ಟ್ ಭಾಷಣಕ್ಕೆ ನಿಂತಾಗ. ಮುಂದೊಂದು ದಿನ ಕ್ಲೈಂಟ್ ಹೇಳದ ವಾಕ್ಯವೊಂದನ್ನು ಅವನು ‘ನಾನು’ ಎಂದು ಸೇರಿಸಿಬಿಡುತ್ತಾನೆ. ಅದು ಪ್ರೇಮನಿವೇದನೆಯೂ ಹೌದು, ವೃತ್ತಿಯಲ್ಲಿ ಕ್ಷಮೆಯಿಲ್ಲದ ಅಪರಾಧವೂ ಹೌದು. ಅವಳು ಅವನನ್ನು ಕೋಣೆಯಿಂದ ಆಚೆ ಹಾಕಲೇಬೇಕು. ಅದನ್ನು ಕಾದಂಬರಿಯ ಮುಕ್ಕಾಲು ಭಾಗದಲ್ಲಿ ಇಡಿ.

ಹಂತ 5: ಗುಟ್ಟು ಮತ್ತು ಅಪಾಯ

1969ರಲ್ಲಿ ಬರ್ಕ್ಲಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ ಚಿಕಿತ್ಸೆ ಪಡೆಯುತ್ತಿದ್ದ ಯುವಕನೊಬ್ಬ ಒಬ್ಬ ಯುವತಿಯನ್ನು ಕೊಲ್ಲುವೆನೆಂದು ತನ್ನ ಸೈಕಾಲಜಿಸ್ಟ್ ಮುಂದೆ ಹೇಳಿದ್ದ. ಕ್ಯಾಂಪಸ್ ಪೊಲೀಸರಿಗೆ ತಿಳಿಸಲಾಯಿತು, ಅವರು ಅವನನ್ನು ಹಿಡಿದು, ಆಮೇಲೆ ಬಿಟ್ಟುಕಳಿಸಿದರು. ಯುವತಿಗೆ ಯಾರೂ ತಿಳಿಸಲಿಲ್ಲ. ಅವನು ಕೊಂದ. ಟರಾಸಾಫ್ ಪ್ರಕರಣವೆಂದು ಹೆಸರಾದ ಈ ಮೊಕದ್ದಮೆಯಲ್ಲಿ ಕ್ಯಾಲಿಫೋರ್ನಿಯಾದ ಸುಪ್ರೀಂ ಕೋರ್ಟ್ 1976ರಲ್ಲಿ ಕೊಟ್ಟ ತೀರ್ಪಿನ ಸಾರ, ಅಪಾಯಕ್ಕೆ ಸಿಲುಕಿದವರನ್ನು ಕಾಪಾಡುವ ಹೊಣೆ ಚಿಕಿತ್ಸಕರಿಗೂ ಇದೆ, ಇತರರ ಜೀವಕ್ಕೆ ಅಪಾಯ ಶುರುವಾಗುವಲ್ಲಿ ಗೌಪ್ಯತೆ ಮುಗಿಯುತ್ತದೆ ಎಂಬುದು.

ಈಗ ನಿಮ್ಮ ಕಥೆಗೆ ಬನ್ನಿ. ‘ಅಮಾವಾಸ್ಯೆಯ ರಾತ್ರಿ ಇಂಥವನನ್ನು ಮುಗಿಸುತ್ತೇನೆ’ ಎಂದು ಕ್ಲೈಂಟ್ ಹೇಳುತ್ತಾಳೆ. ನಾಯಕಿ ಯಾರಿಗೆ ಹೇಳಬೇಕು? ಪೊಲೀಸರು ನಗುತ್ತಾರೆ. ವ್ಯಾಂಪೈರ್‌ಗಳಲ್ಲೇ ಹಿರಿಯರ ಕೂಟವಿದ್ದರೆ ಅವರು ಕ್ಲೈಂಟನ್ನು ಸುಟ್ಟೇ ಬಿಡಬಹುದು. ಆ ಮಾತನ್ನು ಅವಳ ಕಿವಿಗೆ ಮುಟ್ಟಿಸಿದ್ದು ದುಭಾಷಿಯೇ, ‘ನಾನು ಅವನನ್ನು ಮುಗಿಸುತ್ತೇನೆ’ ಎಂಬ ಅದೇ ದನಿಯಲ್ಲಿ. ಅವನ ಪ್ರಕಾರ ಸುಮ್ಮನಿರಬೇಕು, ಅವಳ ಪ್ರಕಾರ ಎಚ್ಚರಿಸಬೇಕು. ಪ್ರೇಮಿಗಳ ಮೊದಲ ದೊಡ್ಡ ಜಗಳ ಇದರ ಮೇಲಾಗಲಿ. ಯಾರೋ ಹಳೆಯ ಪ್ರೇಯಸಿ ಬಂದಳೆಂದು ಮುನಿಸಿಕೊಳ್ಳುವ ಪ್ರಕರಣಕ್ಕಿಂತ ಇದು ಎಷ್ಟೋ ಮೇಲು.

ನಡೆದುಹೋದ ಕೊಲೆಗಳದು ಬೇರೆ ಲೆಕ್ಕ. ಇನ್ನೂರು ವರ್ಷದ ಹಿಂದೆ ಒಂದು ಕುಟುಂಬವನ್ನೇ ಮುಗಿಸಿದೆ ಎಂದರೆ ಈಗ ಅಪಾಯದಲ್ಲಿರುವವರು ಯಾರೂ ಇಲ್ಲ, ಗುಟ್ಟು ಗುಟ್ಟಾಗಿಯೇ ಉಳಿಯಬೇಕು. ಅದನ್ನು ಹೊತ್ತುಕೊಂಡು ಮನೆಗೆ ಹೋಗುವವಳಿಗೆ ಒಬ್ಬ ಸೂಪರ್‌ವೈಸರ್, ಅಂದರೆ ತನ್ನ ಕೇಸುಗಳನ್ನು ಚರ್ಚಿಸಲು ಹಿರಿಯ ಚಿಕಿತ್ಸಕರೊಬ್ಬರು, ಬೇಕು, ವೃತ್ತಿಯಲ್ಲೂ ಇರುತ್ತಾರೆ. ಖಡಕ್ಕಾದ ಹಿರಿಯ ಹೆಂಗಸೊಬ್ಬಳನ್ನು ಆ ಜಾಗಕ್ಕೆ ತನ್ನಿ. ‘ಈ ಕ್ಲೈಂಟ್ ಬಗ್ಗೆ ಮಾತಾಡುವಾಗಲೆಲ್ಲ ನೀನು ಹೇಳುವುದು ದುಭಾಷಿಯ ಬಗ್ಗೆ’ ಎಂದು ಅವಳ ಬಾಯಲ್ಲಿ ಬಂದರೆ ನಾಯಕಿಯ ಮನಸ್ಸನ್ನು ನೀವು ಪ್ಯಾರಾಗಟ್ಟಲೆ ಬಿಡಿಸಿ ಹೇಳುವುದು ತಪ್ಪುತ್ತದೆ.

ಹಂತ 6: ರಕ್ತದ ಲೆಕ್ಕ

ಒಮ್ಮೆ ಲೆಕ್ಕ ಹಾಕಿ, ಮತ್ತೆ ಮರೆತುಬಿಡಿ. ವಯಸ್ಕರ ಮೈಯಲ್ಲಿ ಸುಮಾರು 5 ಲೀಟರ್ ರಕ್ತ. ರಕ್ತದಾನದಲ್ಲಿ ತೆಗೆಯುವುದು 350 ಅಥವಾ 450 ಮಿಲಿಲೀಟರ್. ಶೇ 40ಕ್ಕಿಂತ ಹೆಚ್ಚು ಹೋದರೆ ಜೀವಕ್ಕೇ ಸಂಚಕಾರ. ಕೆಂಪು ರಕ್ತಕಣಗಳನ್ನು 2ರಿಂದ 6 ಡಿಗ್ರಿ ಸೆಲ್ಸಿಯಸ್‌ನಲ್ಲಿ ಗರಿಷ್ಠ 42 ದಿನ ಇಡಬಹುದು. ವಾರಕ್ಕೊಂದು ಚೀಲ ಕುಡಿಯುವವನಿಗೆ, ಪ್ರತಿ ದಾನಿಗೂ 12 ವಾರ ಬಿಡುವು ಕೊಟ್ಟರೆ, 12 ಜನ ಬೇಕು. ಆ ಹನ್ನೆರಡು ಮಂದಿ ಯಾರು, ಏಕೆ ಒಪ್ಪಿದರು ಎಂಬುದರಲ್ಲೇ ಎರಡು ಉಪಕಥೆ ಸಿಗಬಹುದು. ಚೀಲದ ರಕ್ತ ಹೆಪ್ಪುಗಟ್ಟದಿರಲು ಸಿಟ್ರೇಟ್ ಬೆರೆಸಿರುತ್ತಾರೆ; ನಿಮ್ಮ ವ್ಯಾಂಪೈರ್ ಅದರ ರುಚಿಯ ಬಗ್ಗೆ ಗೊಣಗಿದರೆ ಚೆನ್ನ.

ಹಂತ 7: ಪ್ರೀತಿ ನಿಧಾನಕ್ಕೆ ಏರಲಿ, ಚಿಕಿತ್ಸೆಯ ಕೆಲಸವನ್ನು ಅದು ಮಾಡದಿರಲಿ

ಪ್ರೀತಿ ಸಿಕ್ಕಿತು, ಕಾಯಿಲೆ ಹೋಯಿತು ಎಂದು ಬರೆದರೆ ನಾಯಕಿಯ ವೃತ್ತಿಯನ್ನೇ ಅವಮಾನಿಸಿದಂತೆ. ಕ್ಲೈಂಟ್ ಗುಣವಾಗುವುದು ಥೆರಪಿಯಿಂದ. ಪ್ರೇಮಿಗೂ ನೋವಿದ್ದರೆ ಅವನು ಬೇರೊಬ್ಬ ಥೆರಪಿಸ್ಟ್ ಬಳಿ ಹೋಗಲಿ. ಅವಳು ಅದನ್ನು ಅವನಿಗೆ ಷರತ್ತಾಗಿ ಹಾಕುವ ದೃಶ್ಯ ಯಾವ ಚುಂಬನಕ್ಕೂ ಕಡಿಮೆಯಿಲ್ಲ.

ಏರುವ ಬಗೆಗೆ ನಮ್ಮ ಭಾಷೆಯಲ್ಲೇ ಒಂದು ಏಣಿ ಇದೆ: ಬಹುವಚನ. ‘ನೀವು’ ಯಾವಾಗ ‘ನೀನು’ ಆಗುತ್ತದೆ ಎಂಬುದನ್ನು ಮೊದಲೇ ನಿರ್ಧರಿಸಿಟ್ಟುಕೊಳ್ಳಿ, ಒಂದೇ ಸಲ ಖರ್ಚು ಮಾಡಿ. ಜಗಳದಲ್ಲಿ ಅವಳ ಬಾಯಿಂದ ಏಕವಚನ ಜಾರಿ, ಅವನು ಅದನ್ನು ತಿದ್ದದೆ ಬಿಟ್ಟರೆ ಸಾಕು. ಹಾಗೆಯೇ, ಹಳೆಯ ವ್ಯಾಂಪೈರ್ ಬಾಯಲ್ಲಿ ಹಳಗನ್ನಡ ತುರುಕಬೇಡಿ, ನಾಟಕದ ರಾಜನಾಗುತ್ತಾನೆ. ಇಂಗ್ಲಿಷಿನಿಂದ ಬಂದ ಪದಗಳನ್ನು ಅವನ ಮಾತಿನಿಂದ ತೆಗೆದರೆ ತಾನಾಗಿ ವಯಸ್ಸು ಬರುತ್ತದೆ. ಅವಳು ‘ಸೆಷನ್’, ‘ಟ್ರಿಗರ್’ ಎನ್ನುವವಳು. ಕೆಲವು ತಿಂಗಳಾದ ಮೇಲೆ ಅವನೂ ಒಮ್ಮೆ ‘ಸೆಷನ್’ ಎಂದಾಗ ಇಬ್ಬರಿಗೂ ನಗು ಬರಲಿ.

ಹಂತ 8: ಸಾಯುವವಳು, ಸಾಯದವನು

ಪ್ರೇಮಕಾದಂಬರಿಯ ಓದುಗರು ಸುಖಾಂತ್ಯ ಬಯಸುತ್ತಾರೆ. ಶಾಶ್ವತ ಸುಖವಲ್ಲದಿದ್ದರೆ ಸದ್ಯಕ್ಕಾದರೂ ಸುಖ. ಈ ಕಥೆಗೆ ಮೂರು ದಾರಿ: ಅವನು ಮನುಷ್ಯನಾಗುವುದು, ಅವಳು ವ್ಯಾಂಪೈರ್ ಆಗುವುದು, ಇಬ್ಬರೂ ಇದ್ದಂತೆಯೇ ಇರುವುದು. ಮೊದಲನೆಯದು ಮೋಸದಂತೆ ಕಾಣುತ್ತದೆ, ನಾನಂತೂ ಆರಿಸುವುದಿಲ್ಲ.

ಎರಡನೆಯದನ್ನು ಆರಿಸಿದರೆ ಅವಳ ವೃತ್ತಿ ಇಲ್ಲಿ ಉಪಯೋಗಕ್ಕೆ ಬರಬೇಕು. ತಿಳಿದು ಕೊಡುವ ಒಪ್ಪಿಗೆ ಎಂದರೇನೆಂದು ಅವಳಿಗೆ ಗೊತ್ತು: ಪೂರ್ತಿ ಮಾಹಿತಿ, ನಿರ್ಧರಿಸುವ ಸಾಮರ್ಥ್ಯ, ಯಾರ ಒತ್ತಡವೂ ಇಲ್ಲದಿರುವುದು, ಬೇರೆ ದಾರಿಗಳ ಅರಿವು, ಯಾವಾಗ ಬೇಕಾದರೂ ಹಿಂದೆ ಸರಿಯುವ ಹಕ್ಕು. ಕೊನೆಯದು ಇಲ್ಲಿ ಸಾಧ್ಯವಿಲ್ಲ, ಕಚ್ಚಿದ ಮೇಲೆ ಮುಗಿಯಿತು. ಆದ್ದರಿಂದ ಸಾಯುವ ಘಳಿಗೆಯಲ್ಲಿ, ರಕ್ತ ಸುರಿಯುತ್ತಿರುವಾಗ ಅವಳನ್ನು ಉಳಿಸಲೆಂದು ಕಚ್ಚುವ ಹಳೇ ದೃಶ್ಯವನ್ನು ಬಿಡಿ. ಆ ಸ್ಥಿತಿಯಲ್ಲಿ ಕೊಟ್ಟ ಒಪ್ಪಿಗೆ ಒಪ್ಪಿಗೆಯೇ ಅಲ್ಲವೆಂದು ಹೇಳಬೇಕಾದವಳೇ ಅವಳು. ಬದಲಿಗೆ ಸೂಪರ್‌ವೈಸರ್ ಮುಂದೆ, ಹಗಲು ಹೊತ್ತಿನಲ್ಲಿ, ಅವನಿಲ್ಲದಾಗ, ಮೂರು ಬೇರೆ ಬೇರೆ ದಿನ ಅದೇ ಪ್ರಶ್ನೆಗೆ ಉತ್ತರಿಸಲಿ. ಬದಲಾದ ನಂತರ ಅವಳು ಚಿಕಿತ್ಸೆ ಮುಂದುವರಿಸಬಹುದೇ ಎಂಬುದನ್ನೂ ಯೋಚಿಸಿ. ಅವಳಿಗೆ ಮನುಷ್ಯ ಕ್ಲೈಂಟ್‌ಗಳೂ ಇದ್ದರೆ, ಅವರ ಎದೆಬಡಿತ ಕೇಳಿಸಿಕೊಳ್ಳುವ ಥೆರಪಿಸ್ಟ್ ಅದನ್ನು ಅವರಿಗೆ ಮೊದಲೇ ತಿಳಿಸಬೇಕಾಗುತ್ತದೆ.

ಮೂರನೆಯ ದಾರಿ ಕಷ್ಟದ್ದು, ನನ್ನ ಮಟ್ಟಿಗೆ ಎಲ್ಲಕ್ಕಿಂತ ಚಂದದ್ದು. ಅವಳಿಗೆ ಎಪ್ಪತ್ತಾದಾಗ ಅವನು ಹೇಗಿರುತ್ತಾನೆ ಎಂದು ಇಬ್ಬರೂ ಕೂತು ಮಾತಾಡಲಿ. ಶೋಕವನ್ನು ಹೇಗೆ ಹೊರಬೇಕೆಂದು ಅವನು ನೂರಾರು ಜನರ ಬಾಯಿಂದ ಕೇಳಿ, ಅವರ ಪರವಾಗಿ ಹೇಳಿದ್ದಾನೆ. ಈ ಸಲ ‘ನಾನು’ ಎಂದರೆ ಅವನೇ.

ಹಂತ 9: ತಿದ್ದುವಾಗ

ಮೊದಲ ಕರಡು ಮುಗಿದ ಮೇಲೆ ಸೆಷನ್ ದೃಶ್ಯಗಳನ್ನಷ್ಟೇ ಬೇರೆ ಫೈಲಿಗೆ ಹಾಕಿ ಒಂದೇ ಉಸಿರಿನಲ್ಲಿ ಓದಿ. ಥೆರಪಿಸ್ಟ್ ಕ್ಲೈಂಟ್‌ಗಿಂತ ಹೆಚ್ಚು ಮಾತಾಡಿದ ಕಡೆಯೆಲ್ಲ ಕತ್ತರಿ ಹಾಕಿ. ಸಲಹೆ ಕೊಟ್ಟ ಸಾಲುಗಳನ್ನು ಪ್ರಶ್ನೆಗಳನ್ನಾಗಿ ತಿರುಗಿಸಿ ನೋಡಿ, ಅರ್ಧಕ್ಕರ್ಧ ಸಲ ದೃಶ್ಯ ಸುಧಾರಿಸುತ್ತದೆ. ಆಮೇಲೆ ಪ್ರೇಮದ ದೃಶ್ಯಗಳನ್ನು ಇನ್ನೊಂದು ಫೈಲಿನಲ್ಲಿಟ್ಟು ಹೊಸ್ತಿಲು, ಎದೆಬಡಿತ ಮತ್ತು ನೀವಾರಿಸಿದ ಮೂರನೇ ನಿಯಮ ಎಲ್ಲಾದರೂ ಮುರಿದಿವೆಯೇ ಎಂದು ಹುಡುಕಿ. ವೃತ್ತಿಯಲ್ಲಿರುವ ಕೌನ್ಸೆಲರ್ ಪರಿಚಯವಿದ್ದರೆ ಪೂರ್ತಿ ಕಾದಂಬರಿ ಕೊಡುವ ಬದಲು ನಾಲ್ಕನೇ ಮತ್ತು ಐದನೇ ಹಂತದ ದೃಶ್ಯಗಳನ್ನು ಮಾತ್ರ ಕೊಟ್ಟು, ‘ಇಲ್ಲಿ ನೀವಾಗಿದ್ದರೆ ಏನು ಮಾಡುತ್ತಿದ್ದಿರಿ?’ ಎಂದು ಕೇಳಿ. ಅವರು ತಡವರಿಸಿದ ಜಾಗದಲ್ಲಿ ನಿಮ್ಮ ನಾಯಕಿಯೂ ತಡವರಿಸುವಂತೆ ತಿದ್ದಿ.